ತಮಟೆ ಬಡಿದವನ ಹೇಳಿಕೆ

ನನ್ನ ಮೊಮ್ಮಗಳು ಹುಟ್ಟಿದ ಹೊತ್ತಿಗೆ ನಾನು ಬೀಗ ಬಿದ್ದಿದ್ದ ಒಂದು ಮನೆಯ ಬಾಗಿಲಿಗೆ ಪೊಲೀಸ್ ನೋಟೀಸು ಅಂಟಿಸುತ್ತಾ ನಿಂತಿದ್ದೆ. ಎರಡು ಕೈಯೂ ಮೈದಾ ಅಂಟು. ಜೇಬಿನಲ್ಲಿ ಫೋನು ಬಡ್ಕೊಂತಾನೇ ಇತ್ತು. ಜೊತೆಗಿದ್ದ ಕಾನ್‌ಸ್ಟೇಬಲ್ ಅದನ್ನು ಈಚೆ ತೆಗೆದು ನನ್ನ ಕಿವಿಗೆ ಹಿಡಿದ. ಮಧುಗಿರಿ ಆಸ್ಪತ್ರೆಯಿಂದ ನಮ್ಮಾಕೆ. "ಹೆಣ್ಮಗ ಕಣ್ರೀ. ತಾಯೀನೂ ಮಗೂನೂ ಸಂದಾಗವ್ರೆ," ಅಂದಳು. ನಮ್ಮ ಮಗಳಿಗೆ ಮದುವೆಯಾಗಿ ಹನ್ನೊಂದು ವರ್ಷ. ಆ ಹನ್ನೊಂದು ವರ್ಷ ನಾವು ಯಾರ ಮನೆಯ ತೊಟ್ಟಿಲ ಶಾಸ್ತ್ರಕ್ಕೆ ಹೋದರೂ ಹಿಂದುಗಡೆ ಕೂತು ಊಟ ಮಾಡಿ ಬೇಗ ಎದ್ದು ಬಂದವರು. ಕಣ್ಣು ಒರೆಸಿಕೊಳ್ಳೋಣ ಅಂದರೆ ಕೈಯೆಲ್ಲ ಅಂಟು.

"ಏನ್ ತಾತ," ಅಂದ ಕಾನ್‌ಸ್ಟೇಬಲ್, "ನೋಟೀಸ್ ಇಸ್ಕೊಂಡೋರು ಅಳೋದ ನೋಡಿವ್ನಿ. ಅಂಟ್ಸೋನು ಅಳೋದ ಇವತ್ತೇ ನೋಡಿದ್ದು."

ಮೊಮ್ಮಗಳು ಹುಟ್ಟವ್ಳೆ ಅಂದೆ. ಅವನು ಫೋನನ್ನು ನನ್ನ ಜೇಬಿಗೆ ಹಾಕಿ, ಜೇಬಿನ ಮೇಲೆ ಎರಡು ಸಲ ತಟ್ಟಿ, ಇನ್ನೂ ಏಳು ಮನೆ ಐತೆ, ನಡಿ ಅಂದ. ನಡೆದೆ. ಬಿಸಿಲು ನೆತ್ತಿಯ ಮೇಲಿತ್ತು. ಸೋಲಾರ್ ಪಾರ್ಕಿನ ಫಲಕಗಳ ನಡುವಿನ ದಾರಿಯಲ್ಲಿ ಮೇಲಿನ ಬಿಸಿಲು ಒಂದು, ಗಾಜಿಗೆ ಬಡಿದು ಪಕ್ಕದಿಂದ ಹೊಡೆಯೋ ಬಿಸಿಲು ಇನ್ನೊಂದು. ಅವತ್ತು ಮಾತ್ರ ಮಂಡಿ ನೋವು ಗೊತ್ತಾಗಲಿಲ್ಲ.

ಇದನ್ನೆಲ್ಲ ಬರೆದಿಡು ಅಂದವಳು ನನ್ನ ಮಗಳೇ. ನನ್ನದು ನಾಲ್ಕನೇ ಕ್ಲಾಸಿನ ಅಕ್ಷರ. ಆದರೂ ಬರೀತೀನಿ. ಆ ಮಗು ದೊಡ್ಡವಳಾಗಿ, ನಾನು ಹುಟ್ಟಿದಾಗ ತಾತ ಎಲ್ಲಿದ್ದ ಅಂತ ಕೇಳಿದರೆ ಉತ್ತರ ಇರಬೇಕು.

ನಾನು ಪಾವಗಡ ತಾಲ್ಲೂಕಿನ ಆಂಧ್ರದ ಗಡಿಗೆ ಅಂಟಿಕೊಂಡ ಊರೊಂದರ ಗ್ರಾಮ ಸಹಾಯಕ. ಹಿಂದೆ ತಳವಾರ ಅಂತಿದ್ದರು. ಕಂದಾಯದವರು ಬಂದರೆ ಮನೆ ತೋರಿಸೋದು, ನೋಟೀಸು ಮುಟ್ಟಿಸೋದು, ಸರ್ಕಾರದ ಸುದ್ದಿ ಇದ್ದರೆ ತಮಟೆ ಬಡಿದು ಸಾರೋದು. ಒಂದು ದಿನ ನಮ್ಮ ವಿಎ ಮೇಡಂ, ಅಂದರೆ ನಮ್ಮ ವೃತ್ತದ ಗ್ರಾಮ ಆಡಳಿತಾಧಿಕಾರಿ, ಪಂಚಾಯ್ತಿ ಆಫೀಸಿಗೆ ಕರೆಸಿದರು. ಅಲ್ಲಿ ಜಿಲ್ಲೆಯ ಸೈಬರ್ ಠಾಣೆಯಿಂದ ಬಂದ ಸಾಹೇಬರು ಕೂತಿದ್ದರು. ಅವರ ಮುಂದೆ ಒಂದು ಪಟ್ಟಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕಿನ ಹಳ್ಳಿಗಳ ಹೆಸರು, ಪ್ರತಿ ಹಳ್ಳಿಯ ಕೆಳಗೆ ಜನರ ಹೆಸರು. ಇವರೆಲ್ಲರ ಬ್ಯಾಂಕ್ ಖಾತೆ ಫೋನಿನ ಜೂಜಿಗೆ ಬಳಕೆಯಾಗಿದೆ, ಎಲ್ಲ ಖಾತೆ ತಡೆ ಹಿಡಿದಿದ್ದೀವಿ, ಒಬ್ಬೊಬ್ಬರಿಗೂ ನೋಟೀಸು ಮುಟ್ಟಬೇಕು ಅಂದರು.

ಅವರು ಆವತ್ತು ನಿಧಾನವಾಗಿ ಬಿಡಿಸಿ ಹೇಳಿದ್ದು ನನಗೆ ಈಗಲೂ ನೆನಪಿದೆ. ಜೂಜು ಆಡಿಸೋ ಕಂಪನಿಗೆ ಸಮುದ್ರದ ನಡುವಿನ ಒಂದು ಪುಟ್ಟ ದೇಶದ ಲೈಸೆನ್ಸು. ಅದರ ಕಂಪ್ಯೂಟರ್ ಇರೋದು ಇನ್ನೊಂದು ದೇಶದಲ್ಲಿ. ಫೋನ್ ಮಾಡಿದರೆ ಎತ್ತಿ ಮಾತಾಡೋ ಜನ ಮತ್ತೊಂದು ದೇಶದಲ್ಲಿ. ಆಡೋರು ಎಲ್ಲಾ ದೇಶದೋರೂ. ನಮ್ಮಲ್ಲಿ ಹೊಸ ಕಾನೂನು ಬಂದು ದುಡ್ಡು ಕಟ್ಟಿ ಆಡಿಸೋ ಆಟ ನಿಲ್ಲಿಸಿ ಅಂದಿದೆ. ಆದರೆ ಆ ದೇಶಕ್ಕೆ ಬರೆದರೆ, ನಮ್ಮಲ್ಲಿ ಇದು ತಪ್ಪಲ್ಲ ಅಂತಾರೆ. ಈ ದೇಶಕ್ಕೆ ಬರೆದರೆ, ಕಂಪನಿ ನಮ್ಮದಲ್ಲ ಅಂತಾರೆ. ಒಂದು ಹೆಸರಿನ ಆ್ಯಪ್ ಮುಚ್ಚಿಸಿದರೆ ಅದೇ ಆಟ ಬೇರೆ ಹೆಸರಲ್ಲಿ ಬರುತ್ತೆ. ಹೇಳ್ತಾ ಹೇಳ್ತಾ ಸಾಹೇಬರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಅವರಿಗೂ ಸಾಕಾಗಿತ್ತು.

ನಾನು ತಡೆಯಲಾರದೆ, "ಸ್ವಾಮಿ, ಇದು ನಮ್ಮ ಹುಣಸೆಮರದ ಇಸ್ಪೀಟು," ಅಂದುಬುಟ್ಟೆ.

ನಮ್ಮಪ್ಪ ತಳವಾರಿಕೆ ಮಾಡ್ತಿದ್ದ ಕಾಲದಲ್ಲಿ ಗಡಿಕಲ್ಲಿನ ಪಕ್ಕದ ಹುಣಸೆಮರದ ಕೆಳಗೆ ಇಸ್ಪೀಟು ನಡೀತಿತ್ತು. ಎರಡೂ ರಾಜ್ಯದವರು ಆಡೋರು. ನಮ್ಮ ಪೊಲೀಸರು ಬಂದರೆ ಚಾಪೆಯನ್ನು ಎಲೆ ಸಮೇತ ಕಲ್ಲಿನ ಆಚೆಗೆ ಎಳೆದುಕೊಂಡು ಕೂರೋರು. ಆಂಧ್ರದವರು ಬಂದರೆ ಈಚೆಗೆ. ನಮ್ಮ ಜಮೇದಾರರು ಕಲ್ಲಿನ ಈ ಕಡೆ ನಿಂತು, ಬರ್ರೋ ಈಚೆಗೆ ಅಂತ ಕೂಗೋರು. ಅವರು ಅಲ್ಲಿಂದಲೇ, ರಂಡಿ ಸಾರ್, ಕೂರ್ಚೋಂಡಿ, ಅಂದರೆ ಬನ್ನಿ ಸಾರ್, ಕೂತ್ಕಳಿ ಅಂತ ತೆಲುಗಿನಲ್ಲಿ ಮರ್ಯಾದೆ ಮಾಡೋರು. ಎರಡೂ ಕಡೆಯ ಪೊಲೀಸರು ಒಂದೇ ದಿನ ಬರೋ ಮಾತು ವರ್ಷಗಟ್ಟಲೆ ನಡೀತು, ಬರಲಿಲ್ಲ. ಕಡೆಗೆ ನಮ್ಮಪ್ಪ, ಆಚೆಯ ಊರಿನ ತಳವಾರ ಇಬ್ಬರೂ ಸೇರಿ, ಚಾಪೆ ಕೊಡ್ತಿದ್ದ ಮನೆಗಳಿಗೆ ಹೋಗಿ ಇನ್ನು ಕೊಡಬ್ಯಾಡಿ ಅಂದರು. ಅಲ್ಲೆಲ್ಲ ನೆಗ್ಗಿಲು ಮುಳ್ಳು. ಬರೀ ನೆಲದ ಮೇಲೆ ಎಷ್ಟು ಹೊತ್ತು ಕೂರ್ತಾರೆ? ಆಟ ಅಲ್ಲಿಂದ ಎದ್ದಿತು.

ಸಾಹೇಬರು ನಕ್ಕರು. "ಈ ಖಾತೆಗಳೇ ಚಾಪೆ. ಜೂಜಿನ ದುಡ್ಡು ಇವುಗಳ ಮೇಲೆ ಕೂತೇ ದೇಶ ದಾಟೋದು," ಅಂದರು. ನಾನೂ ಉಬ್ಬಿಹೋಗಿ, ಹಂಗಾದರೆ ಚಾಪೆ ಕೊಟ್ಟೋರದೂ ತಪ್ಪೇ ಸ್ವಾಮಿ ಅಂದೆ. ಅದನ್ನು ಹೇಳಿದ ನನ್ನ ಬಾಯಿ ಆಮೇಲೆ ನನ್ನನ್ನೇ ಬಹಳ ದಿನ ಸುಟ್ಟಿತು.

ಕೆಲಸ ಹೀಗಿತ್ತು. ಪ್ರತಿ ನೋಟೀಸಿಗೂ ಎರಡು ಪ್ರತಿ. ಒಂದು ಅವರಿಗೆ, ಇನ್ನೊಂದರ ಬೆನ್ನಿಗೆ ಸಹಿ ಇಲ್ಲವೇ ಎಡಗೈ ಹೆಬ್ಬೆಟ್ಟು. ಹೆಬ್ಬೆಟ್ಟಾದರೆ ಪಕ್ಕದಲ್ಲಿ ಇಂಥವರದು ಅಂತ ಬರೆದು ಸಾಕ್ಷಿ ಹಾಕಬೇಕು. ಮನೆಯವರು ಇಲ್ಲದಿದ್ದರೆ ಇಬ್ಬರು ನೆರೆಯವರ ಮುಂದೆ ಬಾಗಿಲಿಗೆ ಅಂಟಿಸಿ, ಜಾಗದ ಹೆಸರು ತಾನೇ ಮೂಡುವಂಥ ಫೋಟೊ ತೆಗೆಯಬೇಕು. ಆ ಕೆಲಸ ಕಾನ್‌ಸ್ಟೇಬಲ್‌ನದು. ಶಾಯಿ ಡಬ್ಬಿ, ಅಂಟಿನ ಡಬ್ಬಿ, ಒರೆಸೋ ಬಟ್ಟೆ ನನ್ನದು. ನಮ್ಮೂರೊಂದು ಬಿಟ್ಟು ನಮ್ಮ ವೃತ್ತ ಮುಗಿದ ಮೇಲೆ, ಗಡಿಯ ಹಳ್ಳಿಗಳ ತೆಲುಗು ಈ ತಾತನಿಗೆ ಬರುತ್ತೆ ಅಂತ ಪಕ್ಕದ ವೃತ್ತಗಳಿಗೂ ನನ್ನನ್ನೇ ಕರಕೊಂಡು ಹೋದರು. ಕ್ಯಾತಗಾನಚೆರ್ಲು ಕಡೆಗೂ ಹೋದೆವು. ಕಡ್ಲೆಕಾಯಿ ಕೀಳೋ ಕಾಲ. ಬೆಳಗ್ಗೆ ಹೋದರೆ ಮನೆಗೆ ಬೀಗ, ಹೊಲಕ್ಕೆ ಹೋದರೆ ಇನ್ಯಾರದೋ ಹೊಲಕ್ಕೆ ಕೂಲಿಗೆ ಹೋಗಿರೋರು. ಒಂದೊಂದು ನೋಟೀಸಿಗೆ ಮೂರು ಮೂರು ಸಲ ತಿರುಗಿದ್ದುಂಟು.

ಅದರಲ್ಲಿ ಮೂರು ದಿನದ ಕೆಲಸ ನಾಲ್ಕನೇ ದಿನ ಪೂರಾ ವಾಪಸ್ ಬಂತು. ಏನಂದರೆ ಗಡಿಯ ಹಳ್ಳಿಗಳಲ್ಲಿ ತೆಗೆದ ಫೋಟೊ ಮೇಲೆಲ್ಲ ಫೋನು ಆಂಧ್ರ ಅಂತ ಬರೆದಿತ್ತು. ನಾವು ನಿಂತದ್ದು ಕರ್ನಾಟಕದಲ್ಲಿ, ಫೋನಿಗೆ ಹತ್ತಿರ ಸಿಕ್ಕ ಊರು ಆಚೆಯದು. ಈ ಜಾಗ ನಮ್ಮ ಸರಹದ್ದಲ್ಲ ಅಂತ ಮೇಲಿನವರು ಕಡತ ತಿರುಗಿಸಿದ್ದರು. ಕಾನ್‌ಸ್ಟೇಬಲ್ ಕಲ್ಲಿನ ಮೇಲೆ ಕೂತುಬಿಟ್ಟ. ನಮ್ಮಪ್ಪ ಇದ್ದಿದ್ದರೆ ನಗ್ತಿದ್ದ. ಆಗ ಜೂಜಿನವರು ಚಾಪೆ ಎಳೀತಿದ್ದರು, ಈಗ ಫೋನು ನಮ್ಮನ್ನೇ ಎಳೆದು ಆಚೆಗೆ ಹಾಕಿತ್ತು. ಕಡೆಗೆ ಪ್ರತಿ ಮನೆಯ ಕರೆಂಟ್ ಮೀಟರಿನ ನಂಬರ್ ಕಾಣೋ ಹಂಗೆ ಇನ್ನೊಂದು ಫೋಟೊ ತೆಗೆದು ಸೇರಿಸಿ ಅಂದರು. ಅಷ್ಟೂ ಮನೆಗೆ ಮತ್ತೆ ಹೋದೆವು, ಕಿತ್ತುಹೋಗಿದ್ದ ನೋಟೀಸು ಮತ್ತೆ ಅಂಟಿಸಿದೆವು. ಹೆಬ್ಬೆಟ್ಟು ಒತ್ತಿಸಿ ಒತ್ತಿಸಿ ನನ್ನ ಎರಡೂ ಕೈಯ ಬೆರಳೆಲ್ಲ ನೀಲಿ. ಮೊಮ್ಮಗಳು ಹುಟ್ಟಿದ ಫೋನು ಬಂದದ್ದು ಈ ಎರಡನೇ ಸುತ್ತಿನಲ್ಲಿ.

ನಮ್ಮೂರನ್ನು ಕಡೆಗೆ ಇಟ್ಟುಕೊಂಡಿದ್ದೆ. ನಮ್ಮವರೇ ತಾನೆ, ಅರ್ಧ ದಿನದ ಕೆಲಸ, ಮುಗಿಸಿ ಮಧುಗಿರಿಗೆ ಹೋಗಿ ಮಗು ನೋಡೋಣ ಅಂತ. ಮಗು ಹುಟ್ಟಿ ಎರಡು ದಿನ ಆಗಿತ್ತು. ನಮ್ಮೂರಿನಲ್ಲಿ ಒಂಬತ್ತು ಹೆಸರು. ಎಲ್ಲರೂ ಕೂಲಿ ಮಾಡೋರು, ವಯಸ್ಸಾದವರು. ಎಂಟು ಮನೆ ಆಯಿತು. ಕೊನೆಯದು ಬಿಸಿಯೂಟದ ಅಕ್ಕನ ಮನೆ. ಗಂಡ ಇಲ್ಲ, ಇಬ್ಬರು ಹೆಣ್ಣುಮಕ್ಕಳು. ಶಾಲೆಯಲ್ಲಿ ಅಡುಗೆ ಮಾಡ್ತಾಳೆ. ಏಳನೇ ಕ್ಲಾಸು ಓದಿದವಳು, ನೋಟೀಸನ್ನು ತಾನೇ ಓದಿದಳು. ಮಿಕ್ಕವರದು ಬಂದು ಉತ್ತರ ಕೊಡಿ ಅಂತ ಇತ್ತು. ಇವಳ ಖಾತೆಯಲ್ಲಿ ಓಡಾಟ ಜಾಸ್ತಿ ಅಂತ ಇವಳ ಹೆಸರಿನ ಮುಂದೆ ಆರೋಪಿ ಅಂತ ಸೇರಿಸಿದ್ದರು. ಕಾನ್‌ಸ್ಟೇಬಲ್ ಹಿಂದುಗಡೆ ಮೀಟರಿನ ಫೋಟೊ ತೆಗೀತಿದ್ದ.

"ಮಾವ, ಆರೋಪಿ ಅಂತ ಬಂದ್ರೆ ನಾಳೆಯಿಂದ ಶಾಲೆ ತಾವ ಬರಬ್ಯಾಡ ಅಂತಾರೆ," ಅಂದಳು. ದನಿ ಜೋರಿರಲಿಲ್ಲ.

ನನಗೂ ಸುಸ್ತಾಗಿತ್ತು. ಎಂಟು ಮನೆಯಲ್ಲಿ ಹೇಳಿದ್ದನ್ನೇ ಹೇಳಿದೆ. ಚಾಪೆ ಕೊಟ್ಟೋರದೂ ತಪ್ಪು ಕಣಮ್ಮ, ಪಾಸ್‌ಬುಕ್ಕು, ಎಟಿಎಂ ಕಾರ್ಡು, ಸಿಮ್ಮು ಎಲ್ಲಾ ಯಾಕೆ ಕೊಟ್ಟೆ ಅಂದೆ.

ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಯಾಕೆ ಕೊಟ್ಟೆನಾ? ನೀನು ಕರ್ದೆ, ಕೊಟ್ಟೆ. ಉಗಾದಿ ಕಳದ ಮ್ಯಾಲೆ ಅಳ್ಳಿಕಟ್ಟೆ ತಾವ ಆಧಾರು, ಪಾಸ್‌ಬುಕ್ಕು ತಗಂಡು ಬನ್ರಪ್ಪೋ ಅಂತ ಕೇರಿ ಕೇರಿ ಸಾರಿದ್ದು ನಿನ್ ತಮಟೆ ಅಲ್ವಾ ಮಾವ?"

ನನ್ನ ಕೈಯಲ್ಲಿದ್ದ ಶಾಯಿ ಡಬ್ಬಿಯ ಮುಚ್ಚಳ ಕೆಳಗೆ ಬಿತ್ತು. ಅಷ್ಟರಲ್ಲಿ ಕಾನ್‌ಸ್ಟೇಬಲ್ ಬಂದ. ಅವಳು ಸುಮ್ಮನೆ ಸಹಿ ಹಾಕಿ ಒಳಗೆ ಹೋದಳು. ಅವನ ಮುಂದೆ ನನ್ನ ಹೆಸರು ಎತ್ತಲಿಲ್ಲ.

ಹೌದು, ನಾನೇ. ಎಷ್ಟೋ ಸಾರಿಕೆಯಲ್ಲಿ ಅದೂ ಒಂದು, ಈ ಜೂಜಿಗೆ ಅದೇ ಬೇರು ಅಂತ ಅಲ್ಲಿವರೆಗೆ ಹೊಳೆದಿರಲಿಲ್ಲ. ಹೋದ ವರ್ಷ ಉಗಾದಿ ಆದ ಮೇಲೆ ಕೊರಳಿಗೆ ಟ್ಯಾಗು ಹಾಕಿಕೊಂಡ ಒಬ್ಬ ಬೈಕಿನಲ್ಲಿ ಬಂದಿದ್ದ. ಕೈಯಲ್ಲಿ ಸರ್ಕಾರದ್ದರ ಹಂಗೇ ಕಾಣೋ ಫೈಲು. ಬಡವರಿಗೆ ಹೊಸ ಖಾತೆ, ಪುಕ್ಕಟೆ ಸಿಮ್ಮು, ಮುಂದೆ ಸಹಾಯಧನ ನೇರ ಬರುತ್ತೆ ಅಂದ. ನಾಳೆ ಸಾರಬೇಕು ತಾತ ಅಂದ. ತಮಟೆಗೆ ನಮ್ಮಲ್ಲಿ ಒಂದು ಕಟ್ಟು ಇದೆ. ಶಾನುಭೋಗರ ಕಾಲದಿಂದಲೂ, ಈಗ ವಿಎ ಮೇಡಂ ಕಾಲದಲ್ಲೂ, ಏನು ಸಾರಬೇಕು ಅಂತ ಒಂದು ಚೀಟಿ ಬರೆದು ಸಹಿ ಮಾಡಿ ಕೊಡ್ತಾರೆ. ಚೀಟಿ ಇಲ್ಲದೆ ತಮಟೆ ಗೂಟದಿಂದ ಇಳಿಯಬಾರದು. ಆವತ್ತು ಮೇಡಂ ರಜದ ಮೇಲಿದ್ದರು. ಟ್ಯಾಗು ನೋಡಿ, ಫೈಲು ನೋಡಿ, ನಾನು ಚೀಟಿ ಕೇಳಲಿಲ್ಲ. ಬೆಳೆ ಪರಿಹಾರಕ್ಕೆ, ಪಿಂಚಣಿಗೆ, ರೇಷನ್ನಿಗೆ ನಮ್ಮ ತಮಟೆ ಕೇಳಿ ಎರಡು ತಲೆಮಾರು ಕಾಗದ ಹಿಡಕೊಂಡು ಬಂದ ಜನ. ಅವತ್ತೂ ಬಂದರು, ಪಾಸ್‌ಬುಕ್ಕು, ಕಾರ್ಡು, ಸಿಮ್ಮು ಅವನ ಕೈಲಿಟ್ಟು ಹೋದರು. ಅವನ ಮುಖ ನೋಡಿ ಯಾರೂ ಕೊಟ್ಟಿರಲಿಲ್ಲ. ನನ್ನ ಸದ್ದು ಕೇಳಿ ಕೊಟ್ಟಿದ್ದರು.

ಮಾರನೇ ಬೆಳಗ್ಗೆ ವಿಎ ಮೇಡಂಗೆ ಹೇಳಿದೆ. ಅವರು ಶಿರಾ ಕಡೆಯವರು, ನನ್ನ ಮಗಳಿಗಿಂತ ಚಿಕ್ಕವರು, ಒಳ್ಳೆಯವರು. ಬರೀತಿದ್ದ ಪೆನ್ನು ಮುಚ್ಚಿಟ್ಟರು. ಆಮೇಲೆ, ನಿಮಗೆ ಇನ್ನು ಒಂದೂವರೆ ವರ್ಷ ಸರ್ವೀಸು ಐತೆ ತಾತ, ಸಾಹೇಬರಾಗಿ ಕೇಳಿದರೆ ಹೇಳಿ, ಕೇಳದೆ ಇದ್ದರೆ ನೀವಾಗಿ ಹೋಗಬೇಡಿ ಅಂದರು. ಮೊದಲು ಮಗು ನೋಡಿ ಬನ್ನಿ ಅಂತ ಎರಡು ದಿನ ರಜ ಬರೆದುಕೊಂಡರು. ನನಗೂ ಅದೇ ಬೇಕಿತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ, ಯಾರೂ ಕೇಳಿಲ್ಲವಲ್ಲ, ಯಾರೂ ಕೇಳಿಲ್ಲವಲ್ಲ ಅಂತ ನನಗೆ ನಾನೇ ಹೇಳಿಕೊಂಡೆ.

ಆಸ್ಪತ್ರೆಯಲ್ಲಿ ಆ ಮಗುವನ್ನು ನೋಡಿದೆನಲ್ಲ, ಹೇಗೆ ಬರೆಯಲಿ. ಹಳೇ ಪಂಚೆಯ ತುಂಡಿನಲ್ಲಿ ಸುತ್ತಿದ್ದರು. ಮುಖ ಕೆಂಪಗೆ ಮುದುಡಿಕೊಂಡಿತ್ತು. ನಮ್ಮವ್ವನ ಹಣೆ, ಅದೇ ಅಗಲ ಹಣೆ. ಎತ್ತಿಕೊಳ್ಳೋಕೆ ಹೆದರಿ ಕೈ ಹಿಂದಕ್ಕೆ ಕಟ್ಟಿಕೊಂಡೆ. ನಮ್ಮಾಕೆ, ಮಗ ಏನು ಕಚ್ಚಲ್ಲ ಎತ್ಕಳ್ರೀ ಅಂತ ಮಡಿಲಿಗೆ ಹಾಕೇಬಿಟ್ಟಳು. ಮೂರು ದಿನದ ಕೂಸು ನನ್ನ ನೀಲಿ ಹೆಬ್ಬೆರಳನ್ನು ಹಿಡಿದುಕೊಂಡಿತು. ಬಿಡಲಿಲ್ಲ. ವಾರ್ಡಿನಲ್ಲಿದ್ದವರಿಗೆಲ್ಲ ನೋಡ್ರವ್ವಾ ಹೆಂಗೆ ಹಿಡಿದವ್ಳೆ ಅಂತ ತೋರಿಸಿದೆ. ಪಕ್ಕದ ಮಂಚದ ಬಾಣಂತಿಗೂ ತೋರಿಸಿದೆ, ಕಸ ಗುಡಿಸೋ ಅಮ್ಮನಿಗೂ ತೋರಿಸಿದೆ. ಮಗಳು ನಾಚಿಕೊಂಡು ಮುಖ ತಿರುಗಿಸಿದಳು.

ಬಟ್ಟೆ ಸರಿ ಮಾಡುವಾಗ ಮಗುವಿನ ಅಂಗಾಲು ಕಂಡಿತು. ಅದೂ ನೀಲಿ. ಏನವ್ವಾ ಇದು ಅಂದೆ.

"ಶಾಯಿ ಕಣಪ್ಪಾ," ಅಂದಳು ಮಗಳು. "ಹುಟ್ಟಿದ ತಕ್ಷಣ ಪಾದದ ಗುರುತು ಒತ್ತಿಸ್ಕೊಂತಾರೆ. ಮಗು ಅದಲುಬದಲು ಆಗಬಾರ್ದು ಅಂತ. ತೊಳದ್ರೂ ಇನ್ನೂ ಹೋಗಿಲ್ಲ."

ಮಂಚದ ತುದಿಯಲ್ಲಿ ಕಾಗದ ನೇತು ಹಾಕಿದ್ದರು. ನೋಡಿದೆ. ನನ್ನ ಹೆಬ್ಬೆರಳಿಗಿಂತ ಒಂಚೂರು ದೊಡ್ಡ ಪಾದ, ಐದು ಚುಕ್ಕಿ ಬೆರಳು. ಅದರ ಕೆಳಗೆ ಒತ್ತಿಸಿಕೊಂಡ ನರ್ಸಮ್ಮನ ಸಹಿ. ನಾನು ಎಷ್ಟೋ ದಿನದಿಂದ ಹೆಬ್ಬೆಟ್ಟು ಒತ್ತಿಸಿದ ಕಾಗದಗಳಲ್ಲಿ ಕೊಟ್ಟವರ ಗುರುತಿತ್ತು, ನೋಟೀಸು ಮುಟ್ಟಿಸಿದವರ ಸಹಿ ಇತ್ತು. ಕರೆದವನ ಹೆಸರು ಎಲ್ಲೂ ಇರಲಿಲ್ಲ. ಆ ಕೂಸು ತನ್ನ ಪಾದ ಕೊಟ್ಟಂಗೇ ನಮ್ಮೂರಿನ ಒಂಬತ್ತು ಜನ ಕೊಟ್ಟಿದ್ದರು. ಕೇಳಿದರು, ಕೊಟ್ಟರು. ಮಗುವನ್ನು ಮಗಳ ಪಕ್ಕ ಮಲಗಿಸಿ, ಈಗ ಬಂದೆ ಅಂತ ಹೇಳಿ ಎದ್ದೆ. ಊಟ ತಣ್ಣಗಾಗುತ್ತೆ ಅಂತ ನಮ್ಮಾಕೆ ಕೂಗಿದಳು.

ನಾಲ್ಕೂ ತಾಲ್ಲೂಕಿಗೆ ಹತ್ತಿರ ಅಂತ ಸಾಹೇಬರು ಮಧುಗಿರಿಯಲ್ಲೇ ಒಂದು ರೂಮು ಇಟ್ಟುಕೊಂಡಿದ್ದರು. ಹೋದಾಗ ಒಂದು ಕಾಗದ ಹಿಡಿದು ಸುಮ್ಮನೆ ಕೂತಿದ್ದರು. ಹೊರದೇಶದಿಂದ ಉತ್ತರ ಬಂದಿದೆ, ನಮ್ಮ ಪತ್ರ ಸರಿಯಾದ ನಮೂನೆಯಲ್ಲಿಲ್ಲವಂತೆ, ದಿಲ್ಲಿ ಕಡೆಯಿಂದ ಹೊಸದಾಗಿ ಬರಬೇಕಂತೆ ಅಂದರು. ನಾನು ನಿಂತೇ ಇದ್ದೆ.

"ಸ್ವಾಮಿ, ನಮ್ಮೂರ ಚಾಪೆಗಳ್ನ ತರ್ಸಿದ್ದು ನಾನೇ."

ಅವರು ಕಾಗದ ಕೆಳಗಿಟ್ಟರು. ಎಲ್ಲಾ ಹೇಳಿದೆ. ಕೇಳಿಸಿಕೊಂಡು ಒಂದೇ ಮಾತು ಕೇಳಿದರು.

"ಅವನು ಎಂಥವನು ಅಂತ ಗೊತ್ತಿತ್ತಾ?"

"ಗೊತ್ತಿರ್ಲಿಲ್ಲ. ಆದ್ರೆ ಕೇಳ್ಲಿಲ್ಲ."

ಹೇಳಿಕೆ ಬರೆಯೋಕೆ ಒಬ್ಬರನ್ನು ಕೂರಿಸಿದರು. ಇದು ಮೇಲೆ ಹೋದರೆ ನಿಮ್ಮ ಇಲಾಖೆ ನಿಮ್ಮನ್ನು ಬಿಡಲ್ಲ ಯಜಮಾನ್ರೇ, ಯೋಚನೆ ಮಾಡಿದ್ದೀರಾ ಅಂತ ಕೇಳಿದರು. ಮಾಡಿದ್ದೀನಿ ಅಂದೆ. ಮಾಡಿರಲಿಲ್ಲ, ಮಾಡಿದರೆ ಎದ್ದು ಹೋಗ್ತೀನಿ ಅನ್ನೋ ಭಯ. ನಾನು ಹೇಳಿದ್ದನ್ನು ಟೈಪು ಮಾಡಿ ಓದಿ ಹೇಳಿದರು. ಅದರಲ್ಲಿ, ತಿಳಿಯದೆ ಸಾರಿರುತ್ತೇನೆ ಅಂತ ಇತ್ತು. ನನ್ನ ಮೇಲಿನ ಕನಿಕರಕ್ಕೆ ಹಾಗೆ ಬರೆದಿದ್ದರು. ಅದನ್ನು ತೆಗೆದು ಚೀಟಿ ಕೇಳದೆ ಸಾರಿರುತ್ತೇನೆ ಅಂತ ಬರೀರಿ ಅಂದೆ. ಎರಡಕ್ಕೂ ಬಹಳ ವ್ಯತ್ಯಾಸ ಆಗುತ್ತೆ ಅಂದರು. ಅದಕ್ಕೇ ಹೇಳಿದ್ದು ಅಂದೆ. ಇನ್ನೊಂದು ಸಲ ಟೈಪು ಮಾಡಿದರು. ಹೆಬ್ಬೆಟ್ಟಿಗೆ ಶಾಯಿ ಡಬ್ಬಿ ಮುಂದೆ ತಳ್ಳಿದರು. ಬ್ಯಾಡ, ಸಹಿ ಬರುತ್ತೆ ಅಂತ ಪೆನ್ನು ಇಸ್ಕೊಂಡು ನನ್ನ ಹೆಸರು ಪೂರ್ತಿ ಬರೆದೆ.

ಆಮೇಲೆ ಆ ಟ್ಯಾಗಿನವನ ಫೋನ್ ನಂಬರ್ ಏನಾದರೂ ಇದೆಯಾ ಅಂತ ಕೇಳಿದರು. ನಂಬರುಗಳನ್ನು ನಾನು ಫೋನಿನಲ್ಲಿ ಇಡಲ್ಲ, ಇಡೋಕೆ ಬರಲ್ಲ. ತಮಟೆ ನೇತು ಹಾಕೋ ಗೂಟದ ಪಕ್ಕ ಗೋಡೆಗೆ ಇದ್ದಿಲಲ್ಲಿ ಬರೀತೀನಿ. ಅವನದೂ ಬರೆದಿದ್ದೆ. ಆದರೆ ಮಗಳು ಬಾಣಂತನಕ್ಕೆ ಬರ್ತಾಳೆ ಅಂತ ಮೂರು ವಾರದ ಹಿಂದೆ ನಮ್ಮಾಕೆ ಮನೆಗೆಲ್ಲ ಸುಣ್ಣ ಬಳಿಸಿದ್ದಳು. ಸಾಹೇಬರು ತಲೆ ಮೇಲೆ ಕೈ ಇಟ್ಟುಕೊಂಡರು. ಆದರೂ ಮಾರನೇ ದಿನ ಕಾನ್‌ಸ್ಟೇಬಲ್‌ನನ್ನು ನನ್ನ ಜೊತೆ ಕಳಿಸಿದರು. ಇಬ್ಬರೂ ಒದ್ದೆ ಬಟ್ಟೆ ಹಿಡಿದು ಗೋಡೆ ಒರೆಸಿದೆವು. ಜೋರಾಗಿ ಉಜ್ಜಿದರೆ ಇದ್ದಿಲೂ ಹೋಗುತ್ತೆ, ಮೆಲ್ಲಗೆ ಒರೆಸಿದರೆ ಸುಣ್ಣ ಹೋಗಲ್ಲ. ಮಧ್ಯಾಹ್ನದವರೆಗೆ ಬಟ್ಟೆ ಒತ್ತಿ ಹಿಡಿದು, ತೆಗೆದು, ಒತ್ತಿ ಹಿಡಿದು, ಹತ್ತರಲ್ಲಿ ಎಂಟು ಅಂಕಿ ಕಂಡವು. ಎರಡು ಕಾಣಲಿಲ್ಲ. "ಬಾಣಂತನದ ಗೋಡೆ ಕೆಡಿಸ್ದೆ ಅಂತ ಅಜ್ಜಿ ನನ್ನ ಮ್ಯಾಲೆ ಬಂದ್ರೆ ನೀನೇ ಜವಾಬ್ದಾರಿ ಕಣ್ ತಾತ," ಅಂದ ಕಾನ್‌ಸ್ಟೇಬಲ್. ಕಾಣದ ಎರಡು ಅಂಕಿಯನ್ನು ಸಾಹೇಬರು ತಮ್ಮ ಪಟ್ಟಿಯ ನಂಬರುಗಳ ಜೊತೆ ತಾಳೆ ನೋಡಿ ತುಂಬಿಸಿಕೊಂಡರು.

ಟ್ಯಾಗಿನವನು ಸಿಕ್ಕಿದ. ಅವನ ಮೇಲೆ ಯಾರು ಅಂದರೆ ಅವನಿಗೂ ಗೊತ್ತಿಲ್ಲ. ಹೊರದೇಶದ ಒಂದು ನಂಬರು, ಅದರಲ್ಲಿ ಒಂದು ದನಿ, ಅಷ್ಟೇ. ಆಟ ನಿಂತಿತು ಅಂತ ನಾನು ಹೇಳಲ್ಲ. ಎಲ್ಲೋ ಚಾಪೆ ಎಳೆದುಕೊಂಡು ಇನ್ನೂ ಆಡ್ತಿದ್ದಾರೆ. ಆದರೆ ಸಾಹೇಬರು ಒಂದು ಕೆಲಸ ಮಾಡಿದರು. ಅವತ್ತಿನಿಂದ ನಾಲ್ಕೂ ತಾಲ್ಲೂಕಿನ ನೋಟೀಸಿನಲ್ಲಿ ಮೊದಲ ಪ್ರಶ್ನೆಯನ್ನೇ ಬದಲಾಯಿಸಿದರು. ಖಾತೆ ಯಾಕೆ ಕೊಟ್ಟಿರಿ ಅಂತ ಇದ್ದದ್ದು, ಕೊಡಲು ನಿಮ್ಮನ್ನು ಕರೆದವರು ಯಾರು ಅಂತ ಆಯಿತು. ಹುಲಿಕುಂಟೆ ಕಡೆ ಮೈಕು ಕಟ್ಟಿದ ಆಟೊ ಅಂದರಂತೆ. ಐ.ಡಿ.ಹಳ್ಳಿ ಕಡೆ ಸಂಘದ ಮೀಟಿಂಗಿನಲ್ಲಿ ಹೇಳಿದರು ಅಂದರಂತೆ. ಪಟ್ಟಿಯಲ್ಲಿದ್ದ ಎಷ್ಟೋ ಜನ ಸಾಕ್ಷಿಗಳಾದರು. ಬಿಸಿಯೂಟದ ಅಕ್ಕನ ಹೆಸರಿನ ಮುಂದಿದ್ದ ಆರೋಪಿ ಅನ್ನೋದನ್ನು ತೆಗೆದ ಕಾಗದವನ್ನು ಅವಳಿಗೆ ಮುಟ್ಟಿಸಿದವನು ನಾನಲ್ಲ. ಅಷ್ಟರಲ್ಲಿ ನನ್ನನ್ನು ಕೆಲಸದಿಂದ ದೂರ ಇಟ್ಟಿದ್ದರು.

ಕಾರಣ ಕೇಳಿ ನನಗೂ ನೋಟೀಸು ಬಂತು. ಪಕ್ಕದೂರಿನ ಗ್ರಾಮ ಸಹಾಯಕ ತಂದ. ನನ್ನ ಮುಖ ನೋಡಲಾರದೆ ಚಪ್ಪಲಿ ನೋಡ್ತಾ ನಿಂತಿದ್ದ. ಎರಡನೇ ಪ್ರತಿ ಕೊಡಪ್ಪ, ಬೆನ್ನಿಗೆ ಸಹಿ ಹಾಕಬೇಕು ಅಂತ ನಾನೇ ನೆನಪು ಮಾಡಿದೆ. ನಾಲ್ಕು ತಿಂಗಳು ಮನೆಯಲ್ಲಿರು ಅಂದರು. ಆ ನಾಲ್ಕು ತಿಂಗಳು ಮನೆಯಲ್ಲಿ ಯಾರಿದ್ದರು? ನನ್ನ ಮೊಮ್ಮಗಳು! ಬೆಳಗ್ಗೆ ಎಣ್ಣೆ ನೀರು, ಆಮೇಲೆ ಸಾಂಬ್ರಾಣಿ ಹೊಗೆ, ಆಮೇಲೆ ನನ್ನ ಎದೆ ಮೇಲೆ ನಿದ್ದೆ. ಅವಳು ಮೊದಲು ನಕ್ಕದ್ದು ನನ್ನನ್ನು ನೋಡಿ. ನಮ್ಮಾಕೆ ಅದು ಗಾಳಿಗೆ ನಕ್ಕಿದ್ದು ಅಂತಾಳೆ, ನಂಬಬೇಡಿ. ಊರಿನ ಕೆಲವರು ನನ್ನ ಮುಂದೆ ಬಾಯಿ ಕಟ್ಟಿಕೊಂಡು ಹೋಗ್ತಿದ್ದರು, ಅದು ಚುಚ್ಚಿತು. ಅರಳಿಕಟ್ಟೆ ಕಡೆ ಹೋಗೋದು ಬಿಟ್ಟೆ. ತಮಟೆ ಗೂಟದಲ್ಲೇ ಇತ್ತು. ಸುಣ್ಣ ಅಳಿಸಿದ ಜಾಗ ಅದರ ಪಕ್ಕದಲ್ಲಿ ಕಪ್ಪಗೆ ಕಾಣ್ತಿತ್ತು. ಮತ್ತೆ ಬಳಿಸೋದು ಬ್ಯಾಡ ಅಂತ ಹೇಳಿದ್ದೆ.

ಎಚ್ಚರಿಕೆ ಕೊಟ್ಟು, ಸಂಬಳದಲ್ಲಿ ಒಂದು ಕಡಿತ ಬರೆದು, ಮತ್ತೆ ಕೆಲಸಕ್ಕೆ ಕರೆದರು. ವಿಎ ಮೇಡಂ ಮೊದಲ ದಿನವೇ ಒಂದು ಚೀಟಿ ಕೊಟ್ಟರು. ಯಾರು ಕೇಳಿದರೂ ಪಾಸ್‌ಬುಕ್ಕು, ಕಾರ್ಡು, ಸಿಮ್ಮು ಕೊಡಬಾರದು, ಕೊಟ್ಟವರು ನಾಳೆ ಪಂಚಾಯ್ತಿಗೆ ಬಂದು ಬರೆಸಬೇಕು ಅಂತ ಸಾರಬೇಕು. ಬೇಕಾದರೆ ಮೈಕಿನ ಆಟೊ ಕಳಿಸ್ತೀನಿ ತಾತ ಅಂದರು. ಬ್ಯಾಡ ಅಂದೆ. ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸಿ ಹೊರಟೆ. ಮಗಳು ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಹಿಂದೆಯೇ ಬಂದಳು.

ಮೊದಲ ಕೇರಿಯಲ್ಲಿ ಬಡಿದೆ. ಬಾಗಿಲು ತೆರೆದವು, ಯಾರೂ ಹೊಸ್ತಿಲು ದಾಟಲಿಲ್ಲ. ಹಿಂದೆಲ್ಲ ಹಂಗಿರಲಿಲ್ಲ, ಮೊದಲನೇ ಪೆಟ್ಟಿಗೇ ಬೀದಿಗೆ ಬರೋರು. ಬಡಿಯೋದು ನಿಲ್ಲಿಸಿದೆ. ಆಗ ಬಿಸಿಯೂಟದ ಅಕ್ಕ ಶಾಲೆ ಕಡೆಯಿಂದ ಬರ್ತಿದ್ದವಳು ದಾರಿ ಮಧ್ಯೆ ನಿಂತಳು.

"ಮಾವ, ಚೀಟಿ ಐತಾ?"

"ಐತೆ ಕಣಮ್ಮ."

"ತೋರ್ಸು."

ತೋರಿಸಿದೆ. ಅವಳು ಇಸ್ಕೊಂಡು ಒಂದೊಂದೇ ಮಾತು ಬಿಡಿಸಿ ಎಲ್ಲರಿಗೂ ಕೇಳೋ ಹಂಗೆ ಓದಿದಳು. ಕೆಳಗಿನ ಸಹಿ, ಮೊಹರು ನೋಡಿದಳು. ಆಮೇಲೆ ನನ್ನ ಮುಖ ನೋಡಿ, ಈಗ ಬಡಿ ಅಂದಳು. ಜನ ಒಬ್ಬೊಬ್ಬರೇ ಈಚೆ ಬಂದರು. ಮುಂದಿನ ಕೇರಿಯಲ್ಲಿ ಬೇರೆಯವರು ಕೇಳಿದರು, ಅದರ ಮುಂದಿನದರಲ್ಲಿ ಇನ್ನೊಬ್ಬರು. ಎಲ್ಲರಿಗೂ ಚೀಟಿ ಕೊಟ್ಟೆ, ಎಲ್ಲರೂ ತಿರುಗಿಸಿ ಮುರುಗಿಸಿ ನೋಡಿ ವಾಪಸ್ ಕೊಟ್ಟರು. ಇಷ್ಟು ವರ್ಷ ತಮಟೆ ಬಡಿದಿದ್ದೀನಿ, ಯಾರೂ ಕೇಳಿರಲಿಲ್ಲ. ಅವತ್ತು ಕೇಳಿದರಲ್ಲ ಅಂತ ನನಗಾದ ಸಂತೋಷ ಯಾರಿಗೆ ಹೇಳಲಿ. ಮಗುವನ್ನು ಇಸ್ಕೊಂಡು, ನೋಡವ್ವಾ, ನೀನೂ ನೋಡು ಅಂತ ಚೀಟಿಯನ್ನು ಅವಳ ಮುಂದೆ ಹಿಡಿದೆ. ಅವಳು ಎರಡೂ ಕೈಯಲ್ಲಿ ಚೀಟಿ ಹಿಡಿದು ಬಾಯಿಗೆ ಹಾಕಿಕೊಂಡಳು.

ಸಾರಿದ ಮೇಲೆ ಚೀಟಿಯನ್ನು ಕಡತಕ್ಕೆ ವಾಪಸ್ ಕೊಡಬೇಕು. ಸಾಯಂಕಾಲ ಕೊಟ್ಟೆ. ಇದರ ಒಂದು ಮೂಲೆ ಎಲ್ಲಿ ತಾತ ಅಂತ ಮೇಡಂ ಕೇಳಿದರು. ಹೇಳಿದೆ. ಅವರು ಒದ್ದೆಯಾಗಿದ್ದ ಚೀಟಿಯನ್ನು ಫ್ಯಾನಿನ ಕೆಳಗೆ ಒಣಗಿಸಿ, ಹಂಗೇ ಕಡತಕ್ಕೆ ಸೇರಿಸಿದರು.